ತಂತ್ರಾಂಶದ ಕೆಲಸಕ್ಕೆ ಪ್ರಸ್ತಾವವನ್ನು ಬರೆಯುವ ಕ್ರಮ

ಪ್ರತಿ ವರುಷವೂ ಫೆಬ್ರುವರಿ ಮಾರ್ಚ್ ತಿಂಗಳುಗಳಲ್ಲಿ, ನಮ್ಮ ಶಾಲೆಯನ್ನು ಬಿಟ್ಟು ಕಾಲೇಜುಗಳಲ್ಲಿ ಓದುತ್ತಿರುವ ಹಳೆಯ ವಿದ್ಯಾರ್ಥಿನಿಯರಲ್ಲಿ ಇಬ್ಬರು ಮೂವರಾದರೂ ಕೈಯಲ್ಲೊಂದು ಬರಹವನ್ನು ಹಿಡಿದುಕೊಂಡು ನಮ್ಮನ್ನು ಕಾಣಲು ಬರುವುದುಂಟು. ಅದು ಉದ್ಯೋಗಕ್ಕಾಗಿ ಬರೆದ ಅರ್ಜಿಯಾಗಿರಬೇಕೆಂದು ಮೊದಮೊದಲು ನಾವು ತಿಳಿದಿದ್ದೆವು. ಬಳಿಕ ಅದು ಮುಕ್ತ ತಂತ್ರಾಂಶದ ಸಂಸ್ಥೆಯೊಂದಕ್ಕೆ ಕಳುಹತಕ್ಕ ಯೋಜನಾ ಪ್ರಸ್ತಾವವೆಂದೂ, ಹುಡುಗಿಯರು ಅದನ್ನು ‘ಪ್ರೊಪೋಸಲ್’ ಎಂದು ಕರೆಯುವರೆಂದೂ ತಿಳಿದುಬಂದಿತು. ಭಾಷೆಯನ್ನು ತಿದ್ದಿಕೊಡಬೇಕೆಂಬುದೇ ಅವರ ಕೋರಿಕೆ. ಹೀಗೆ ತಿದ್ದುತ್ತ ತಿದ್ದುತ್ತ ನಾವೂ ಕೆಲವು ಸಂಗತಿಗಳನ್ನು ಕಲಿತೆವು. ಒಮ್ಮೆ ತಪ್ಪಿಯೂ ನಡೆದೆವು. ಆ ಎರಡನ್ನೂ ಈ ಸ್ಮರಣ ಸಂಚಿಕೆಯಲ್ಲಿ ಬರೆದಿಟ್ಟರೆ ಮುಂದೆ ಬರುವ ಹುಡುಗಿಯರಿಗೆ ಪ್ರಯೋಜನವಾದೀತೆಂದು ಎಣಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೊದಲು ಮುಕ್ತ ತಂತ್ರಾಂಶವೆಂದರೆ ಏನೆಂಬುದನ್ನು ಹೇಳುವುದು ಒಳ್ಳೆಯದು. ಕಂಪ್ಯೂಟರು ಯಾವ ಕೆಲಸವನ್ನು ಹೇಗೆ ಮಾಡತಕ್ಕದ್ದೆಂದು ವಿಧಿಸುವ ಬರಹವೇ ತಂತ್ರಾಂಶ. ನಮ್ಮ ಹೊಲಿಗೆಯ ತರಗತಿಯನ್ನು ನೆನೆದರೆ ವಿಷಯವು ಸುಲಭವಾಗುವುದು. ಅಂಗಡಿಯಿಂದ ತಂದ ರವಿಕೆಯನ್ನು ನಾವು ತೊಡಬಹುದು. ಆದರೆ ಅದನ್ನು ಕತ್ತರಿಸಿದ ಕಾಗದದ ನಮೂನೆಯು ನಮ್ಮ ಕೈಯಲ್ಲಿಲ್ಲ. ನಮೂನೆಯು ಕೈಗೆ ಬಂದರೆ ತೋಳನ್ನು ಉದ್ದಮಾಡಿಕೊಳ್ಳಬಹುದು, ತಂಗಿಗೆಂದು ಚಿಕ್ಕದು ಮಾಡಬಹುದು, ನೆರೆಮನೆಯವಳಿಗೂ ಕೊಡಬಹುದು. ಹಾಗೆಯೇ, ತನ್ನ ಮೂಲಬರಹವನ್ನು ಎಲ್ಲರ ಮುಂದಿಟ್ಟು, ಅದನ್ನು ಓದುವುದಕ್ಕೂ ತಿದ್ದುವುದಕ್ಕೂ ಹಂಚುವುದಕ್ಕೂ ಅನುಮತಿಯನ್ನು ಕೊಡುವ ತಂತ್ರಾಂಶಕ್ಕೆ ಮುಕ್ತ ತಂತ್ರಾಂಶವೆಂದು ಹೆಸರು. ಅಮೆರಿಕಾದ ರಿಚರ್ಡ್ ಸ್ಟಾಲ್ಮನ್ ಎಂಬವರು 1983ರಲ್ಲಿ ಗ್ನೂ ಎಂಬ ಯೋಜನೆಯನ್ನು ಪ್ರಕಟಿಸಿ ಈ ದಾರಿಯನ್ನು ತೆರೆದರು. 1991ರಲ್ಲಿ, ಫಿನ್ಲೆಂಡಿನಲ್ಲಿ ಆಗ ವಿದ್ಯಾರ್ಥಿಯಾಗಿದ್ದ ಲೀನಸ್ ಟೊರ್ವಾಲ್ಡ್ಸರು ಲಿನಕ್ಸ್ ಎಂಬುದನ್ನು ಹೊರಗೆಡಹಿದರು. ‘ಓಪನ್ ಸೋರ್ಸ್’ ಎಂಬ ಹೆಸರನ್ನು 1998ರಲ್ಲಿ ಸೂಚಿಸಿದವರು ಕ್ರಿಸ್ಟೀನ್ ಪೀಟರ್ಸನ್ ಎಂಬ ಮಹಿಳೆಯೆಂಬುದನ್ನು ನಮ್ಮ ಬಾಲಿಕೆಯರು ಮರೆಯಬಾರದು.

ಇಂಥ ತಂತ್ರಾಂಶಗಳನ್ನು ಬೆಳೆಸುವವರು ದೇಶದೇಶಗಳಲ್ಲಿ ಹರಡಿರುತ್ತಾರೆ; ಅವರಲ್ಲಿ ಅನೇಕರು ಒಬ್ಬರನ್ನೊಬ್ಬರು ಕಂಡವರೇ ಅಲ್ಲ. ಹೊಸಬರು ಈ ಗುಂಪಿನೊಳಕ್ಕೆ ಬರಲು ಹೆದರುವುದು ಸಹಜವಷ್ಟೆ. ಆ ಹೆದರಿಕೆಯನ್ನು ಕಳೆಯುವುದಕ್ಕಾಗಿ ಗೂಗಲ್ ಕಂಪೆನಿಯು 2005ರಲ್ಲಿ ‘ಸಮ್ಮರ್ ಆಫ್ ಕೋಡ್’ ಎಂಬ ಏರ್ಪಾಡನ್ನು ಆರಂಭಿಸಿತು. ಮೊದಲನೆಯ ವರುಷ ಸುಮಾರು 400 ವಿದ್ಯಾರ್ಥಿಗಳು ಸೇರಿದರು. ಅದರ ಕ್ರಮವು ಹೀಗಿದೆ: ಮುಕ್ತ ತಂತ್ರಾಂಶದ ಸಂಸ್ಥೆಗಳು ತಮಗೆ ಆಗಬೇಕಾದ ಕೆಲಸಗಳನ್ನು ಪ್ರಕಟಿಸುತ್ತವೆ. ಅಭ್ಯರ್ಥಿಯು ಒಂದನ್ನು ಆರಿಸಿಕೊಂಡು, ಅಥವಾ ತಾನೇ ಒಂದನ್ನು ಯೋಚಿಸಿ, ಪ್ರಸ್ತಾವವನ್ನು ಬರೆದು ಕಳುಹುತ್ತಾಳೆ. ಆಯ್ಕೆಯಾದವಳಿಗೆ ಆ ಸಂಸ್ಥೆಯ ಅನುಭವಸ್ಥರಲ್ಲಿ ಒಬ್ಬಿಬ್ಬರು ಮಾರ್ಗದರ್ಶಕರಾಗಿ ನಿಲ್ಲುತ್ತಾರೆ. ಮೊದಲ ಕೆಲವು ವಾರಗಳು ಪರಿಚಯಕ್ಕೂ ಸಿದ್ಧತೆಗೂ ಮೀಸಲು, ತರುವಾಯ ಕೆಲಸ, ನಡುವೆ ಒಂದು ಪರೀಕ್ಷೆ, ಕೊನೆಗೆ ಒಂದು ಪರೀಕ್ಷೆ. ಇವುಗಳಲ್ಲಿ ತೇರ್ಗಡೆಯಾದವರಿಗೆ ಅವರವರ ದೇಶದ ಜೀವನವೆಚ್ಚವನ್ನೂ ಕೆಲಸದ ಗಾತ್ರವನ್ನೂ ನೋಡಿ ಗೌರವಧನವು ಸಲ್ಲುತ್ತದೆ. 2022ರಿಂದ ಕಾಲೇಜಿನ ವಿದ್ಯಾರ್ಥಿಯಾಗಿರಬೇಕೆಂಬ ನಿಯಮವು ತೆಗೆಯಲ್ಪಟ್ಟು, 18 ವರುಷ ತುಂಬಿದ ಹೊಸಬರೆಲ್ಲರಿಗೂ ಬಾಗಿಲು ತೆರೆಯಿತು. ಅದೇ ವರುಷ 175 ಗಂಟೆಗಳ ಕೆಲಸ, 350 ಗಂಟೆಗಳ ಕೆಲಸ ಎಂಬ ಎರಡು ಅಳತೆಗಳು ಗೊತ್ತಾದವು. 2024ರಲ್ಲಿ 90 ಗಂಟೆಗಳದೊಂದು ಸೇರಿತು.

ಹುಡುಗಿಯರಿಗೆ ಸಂಬಂಧಿಸಿದ ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. 2006ರಲ್ಲಿ ಗ್ನೋಮ್ ಎಂಬ ಸಂಸ್ಥೆಗೆ ಮೇಲ್ಕಂಡ ಏರ್ಪಾಡಿನ ಮೂಲಕ 181 ಅರ್ಜಿಗಳು ಬಂದುವು. ಅವುಗಳಲ್ಲಿ ಸ್ತ್ರೀಯರದು ಒಂದೂ ಇರಲಿಲ್ಲ. ಇದನ್ನು ಕಂಡು ಆ ಸಂಸ್ಥೆಯವರು ಸ್ತ್ರೀಯರಿಗಾಗಿಯೇ ಪ್ರತ್ಯೇಕವಾದೊಂದು ಬೇಸಗೆ ಏರ್ಪಾಡನ್ನು ಸಾರಿದಾಗ ಸುಮಾರು 100 ಅರ್ಜಿಗಳು ಬಂದು, ಆರು ಮಂದಿ ಆರಿಸಲ್ಪಟ್ಟರು. ಕೆಲಸವನ್ನು ಬಲ್ಲ ಸ್ತ್ರೀಯರು ಮೊದಲೂ ಇದ್ದರು. ‘ನೀವೂ ಬರಬಹುದು’ ಎಂದು ಯಾರೂ ಹೇಳಿರಲಿಲ್ಲ, ಅಷ್ಟೆ. ಈ ಏರ್ಪಾಡು 2010ರಲ್ಲಿ ಪುನಃ ಚಿಗುರಿ, 2015ರಲ್ಲಿ ‘ಔಟ್‌ರೀಚಿ’ ಎಂಬ ಹೆಸರನ್ನು ಪಡೆಯಿತು. ಆಯ್ಕೆಗೆ ಮೊದಲೇ ಅಭ್ಯರ್ಥಿಯು ಆ ತಂತ್ರಾಂಶಕ್ಕೆ ಏನಾದರೊಂದು ಸಣ್ಣ ಕೆಲಸವನ್ನು ಮಾಡಿ ತೋರಿಸಬೇಕೆಂಬುದು ಅದರ ನಿಯಮ.

ಇನ್ನು ನಾವು ತಪ್ಪಿದ ಕಥೆಯನ್ನು ಹೇಳುವೆವು.

ಕೆಲವು ವರುಷಗಳ ಕೆಳಗೆ, ಇಂಜಿನಿಯರಿಂಗ್ ಕಾಲೇಜಿನ ಎರಡನೆಯ ವರುಷದಲ್ಲಿ ಓದುತ್ತಿದ್ದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಶನಿವಾರ ಮಧ್ಯಾಹ್ನ ಬಂದಳು. ಅವಳ ತಂದೆ ಲಾರಿಯ ಚಾಲಕರು. ಮನೆಯಲ್ಲಿ ಇಂಗ್ಲಿಷು ಬಲ್ಲವರು ಯಾರೂ ಇಲ್ಲ. ಗ್ರಂಥಭಂಡಾರಗಳಲ್ಲಿ ಪುಸ್ತಕಗಳ ಪಟ್ಟಿಯನ್ನು ಇಡುವ ಒಂದು ಮುಕ್ತ ತಂತ್ರಾಂಶಕ್ಕೆ ಅವಳು ಪ್ರಸ್ತಾವವನ್ನು ಬರೆದಿದ್ದಳು. ಸಂಗತಿಯು ಬಹು ಸಣ್ಣದು. ಕಾಲೇಜಿನ ಗ್ರಂಥಭಂಡಾರದಲ್ಲಿ ‘ಕೊಡಗು’ ಎಂಬ ಮಾತನ್ನು ಹುಡುಕಿದರೆ, ಕೊಡಗಿನ ವಿಷಯವಾದ ಕೆಲವು ಪುಸ್ತಕಗಳು ಸಿಕ್ಕುತ್ತಿದ್ದುವು, ಕೆಲವು ಕಪಾಟಿನಲ್ಲಿದ್ದರೂ ಸಿಕ್ಕುತ್ತಿರಲಿಲ್ಲ. ಅವಳು ಇದರ ಕಾರಣವನ್ನು ಕಂಡುಹಿಡಿದಿದ್ದಳು. ಕಂಪ್ಯೂಟರಿನೊಳಗೆ ‘ಕೊ’ ಎಂಬ ಅಕ್ಷರವನ್ನು ಎರಡು ವಿಧವಾಗಿ ಇಡಬಹುದು: ಕಕಾರದ ಮುಂದೆ ಒಕಾರದ ಒಂದೇ ಗುರುತನ್ನು ಇಡುವುದು ಒಂದು ವಿಧ; ಎಕಾರದ ಗುರುತನ್ನೂ ಊಕಾರದ ಗುರುತನ್ನೂ ಬೇರೆ ಬೇರೆಯಾಗಿ ಒಂದರ ಮುಂದೊಂದು ಇಡುವುದು ಇನ್ನೊಂದು ವಿಧ. ನಮ್ಮ ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಮಾತ್ರ ಬೇರೆ ಬೇರೆ. ಇವೆರಡೂ ಸಮಾನವೆಂದೂ, ಹೋಲಿಸುವುದಕ್ಕೆ ಮುಂಚೆ ಎರಡನ್ನೂ ಒಂದೇ ರೂಪಕ್ಕೆ ತರಬಹುದೆಂದೂ ಯೂನಿಕೋಡ್ ಎಂಬ ಲೋಕವ್ಯಾಪಿಯಾದ ಅಕ್ಷರವ್ಯವಸ್ಥೆಯು ವಿಧಿಸಿದೆ. ಆ ತಂತ್ರಾಂಶದ ಒಂದು ಭಾಗದಲ್ಲಿ ಈ ವಿಧಿಯು ಪಾಲಿಸಲ್ಪಟ್ಟಿರಲಿಲ್ಲ. ಅದನ್ನು ಸರಿಪಡಿಸುವೆನೆಂದು ಅವಳು ಮೂರು ಪುಟಗಳಲ್ಲಿ, ತಡವರಿಸುವ ಇಂಗ್ಲಿಷಿನಲ್ಲಿ ಬರೆದಿದ್ದಳು.

ನಾವು ಕೆಂಪು ಶಾಯಿಯ ಲೇಖನಿಯನ್ನು ಕೈಗೆತ್ತಿಕೊಂಡೆವು. ಇಪ್ಪತ್ತು ವರುಷ ಪ್ರಬಂಧಗಳನ್ನು ತಿದ್ದಿದ ಕೈ ಸುಮ್ಮನಿರುವುದೆಂತು? ವ್ಯಾಕರಣವನ್ನು ತಿದ್ದಿದೆವು, ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ‘ಒಂದಕ್ಷರಕ್ಕಾಗಿ ಇಷ್ಟೊಂದು ಬರೆದರೆ ದೊಡ್ಡವರು ನಕ್ಕಾರು’ ಎಂದು ಎಣಿಸಿ, ‘ಭಾರತದ ಸಕಲ ಭಾಷೆಗಳಿಗೂ ಈ ತಂತ್ರಾಂಶವನ್ನು ಒಗ್ಗಿಸುವೆನು’ ಎಂದು ಮಾಡಿದೆವು. ಮೊದಲನೆಯ ವಾರ ಇದು, ಎರಡನೆಯ ವಾರ ಇದು ಎಂದು ಅವಳು ಎಳೆದಿದ್ದ ಪಟ್ಟಿಯು ಬಾಲಿಶವಾಗಿ ತೋರಿತು. ಅದನ್ನು ಹೊಡೆದುಹಾಕಿ, ಶ್ರಮ, ವಿನಯ, ಸೇವಾಭಾವಗಳನ್ನು ಕುರಿತ ಒಂದು ಸುಂದರವಾದ ವಾಕ್ಯವೃಂದವನ್ನು ಸೇರಿಸಿದೆವು. ಅವಳ ಮನೆಯ ಕಷ್ಟವನ್ನೂ ಮನಮುಟ್ಟುವಂತೆ ಬರೆದೆವು.

‘ಟೀಚರ್, ನಾನು ಹೇಳಿದ್ದು ಇಷ್ಟು ದೊಡ್ಡದಲ್ಲವಲ್ಲ?’ ಎಂದು ಅವಳು ಮೆಲ್ಲನೆ ಕೇಳಿದಳು.

‘ದೊಡ್ಡದಾಗಿ ಬರೆ ಮಗಳೇ, ದೊಡ್ಡವರು ಓದುವುದು’ ಎಂದು ನಾವು ಹೇಳಿದೆವು.

ಪ್ರಸ್ತಾವವು ತಿರಸ್ಕೃತವಾಯಿತು. ಆ ಮೇಲೆ ಮಾರ್ಗದರ್ಶಕರೊಬ್ಬರು ದಯೆಯಿಟ್ಟು ಅವಳಿಗೆ ನಾಲ್ಕು ಸಾಲುಗಳನ್ನು ಬರೆದರು. ‘ನೀನು ನಮ್ಮೊಡನೆ ಮಾತಾಡಿದಾಗ ಒಂದು ನಿಶ್ಚಿತವಾದ ದೋಷವನ್ನು ತೋರಿಸಿದ್ದೆ. ನಿನ್ನ ಪ್ರಸ್ತಾವದಲ್ಲಿ ಅದು ನಮಗೆ ಕಾಣಲಿಲ್ಲ. ಮೊದಲನೆಯ ವಾರ ನೀನು ಏನು ಮಾಡುವೆಯೆಂಬುದೂ ತಿಳಿಯಲಿಲ್ಲ’ ಎಂಬುದು ಅದರ ತಾತ್ಪರ್ಯ. ಅವಳು ಆ ಕಾಗದವನ್ನು ನಮಗೆ ತೋರಿಸಿದಳು. ನಮ್ಮನ್ನು ಒಂದು ಮಾತೂ ಆಡಲಿಲ್ಲ. ಅವರು ಕೇಳಿದ ಎರಡೂ ಸಂಗತಿಗಳು ಅವಳ ಮೊದಲನೆಯ ಪ್ರತಿಯಲ್ಲಿ ಇದ್ದುವು. ಹೊಡೆದುಹಾಕಿದ್ದು ನಮ್ಮ ಕೆಂಪು ಶಾಯಿ. ಒಂದು ಹುಡುಗಿಯ ಒಂದು ವರುಷವು ನಮ್ಮ ಅಲಂಕಾರಪ್ರೀತಿಯಿಂದ ಕಳೆದುಹೋಯಿತೆಂಬುದನ್ನು ಒಪ್ಪಿಕೊಳ್ಳುವುದು ನಮಗೆ ಸುಲಭವಾಗಿರಲಿಲ್ಲ.

ನಮ್ಮ ತಪ್ಪಿನ ಬೇರು ಎಲ್ಲಿತ್ತೆಂಬುದನ್ನು ಆಮೇಲೆ ಯೋಚಿಸಿದೆವು. ನಾವು ಹುಡುಗಿಯರಿಗೆ ಬಿನ್ನಹಪತ್ರವನ್ನು ಬರೆಯಲು ಕಲಿಸುತ್ತೇವೆ: ಶುಲ್ಕದ ರಿಯಾಯಿತಿಗಾಗಿ, ರಜೆಗಾಗಿ, ವಿದ್ಯಾರ್ಥಿವೇತನಕ್ಕಾಗಿ. ಅದರಲ್ಲಿ ಬೇಡುವವಳ ಯೋಗ್ಯತೆಯೂ ಕಷ್ಟವೂ ಕೊಡುವವರ ಔದಾರ್ಯವೂ ಮುಖ್ಯ. ಪ್ರಸ್ತಾವದಲ್ಲಿ ಮುಖ್ಯವಾದುದು ಕೆಲಸ. ಓದುವ ಮಾರ್ಗದರ್ಶಕರು ಧರ್ಮದಾತರಲ್ಲ. ತಮ್ಮ ಬಿಡುವಿನ ವೇಳೆಯಲ್ಲಿ ಮೂರು ತಿಂಗಳು ಒಬ್ಬಳ ಜೊತೆಯಲ್ಲಿ ದುಡಿಯಬೇಕಾದವರು. ಒಂದೊಂದು ಸಂಸ್ಥೆಗೆ ಹತ್ತಾರು, ಕೆಲವೊಮ್ಮೆ ನೂರಾರು ಪ್ರಸ್ತಾವಗಳು ಬರುವುವು, ಸ್ಥಾನಗಳು ಬೆರಳೆಣಿಕೆಯಷ್ಟು. ಇವಳಿಗೆ ಕೆಲಸವು ಅರ್ಥವಾಗಿದೆಯೇ, ಹೇಳಿದ ಕಾಲದಲ್ಲಿ ಮುಗಿಸುವಳೇ, ತೊಡಕು ಬಂದಾಗ ಬಾಯಿಬಿಟ್ಟು ಹೇಳುವಳೇ ಎಂಬ ಮೂರನ್ನು ಅವರು ತಿಳಿಯಬೇಕಾಗಿದೆ. ಪ್ರಸ್ತಾವವು ಈ ಮೂರಕ್ಕೂ ಉತ್ತರವಾಗಿರಬೇಕು.

ಮರುವರುಷ ಅವಳು ಮತ್ತೆ ಬರೆದಳು. ಈ ಸಲ ನಾವು ಕೇಳುವವರಾಗಿ ಕುಳಿತೆವು, ಅವಳು ಹೇಳುವವಳಾದಳು. ಆ ಪ್ರಸ್ತಾವದ ಅಂಗಗಳನ್ನು ಕ್ರಮವಾಗಿ ವಿವರಿಸುವೆವು.

ಮೊದಲನೆಯದಾಗಿ, ಕೊರತೆ ಏನೆಂಬುದನ್ನು ಹೇಳಬೇಕು. ಅದನ್ನು ಬೇರೊಬ್ಬರು ತಾವೇ ಮಾಡಿ ನೋಡುವಂತೆ ಹೇಳಬೇಕು. ‘ಕನ್ನಡದಲ್ಲಿ ಹುಡುಕುವುದು ಸರಿಯಾಗಿಲ್ಲ’ ಎಂದರೆ ಯಾರಿಗೂ ಏನೂ ತಿಳಿಯದು. ‘ಕೊಡಗು ಎಂಬ ಮಾತನ್ನು ಈ ವಿಧವಾಗಿ ಬರೆದು ಪಟ್ಟಿಯಲ್ಲಿ ಸೇರಿಸಿರಿ, ಆ ವಿಧವಾಗಿ ಬರೆದು ಹುಡುಕಿರಿ, ಸಿಕ್ಕುವುದಿಲ್ಲ’ ಎಂದರೆ ಕನ್ನಡವನ್ನೇ ಅರಿಯದ ಮಾರ್ಗದರ್ಶಕರೂ ಎರಡು ನಿಮಿಷದಲ್ಲಿ ದೋಷವನ್ನು ಕಾಣುವರು. ಇದರಿಂದ ಯಾರಿಗೆ ತೊಂದರೆಯೆಂಬುದನ್ನೂ ಒಂದೆರಡು ವಾಕ್ಯಗಳಲ್ಲಿ ತಿಳಿಸಬೇಕು.

ಎರಡನೆಯದಾಗಿ, ಏನನ್ನು ಮಾಡುವೆನೆಂಬುದನ್ನೂ ಏನನ್ನು ಮಾಡುವುದಿಲ್ಲವೆಂಬುದನ್ನೂ ಬೇರೆ ಬೇರೆಯಾಗಿ ಬರೆಯಬೇಕು. ಅವಳು ಮೂರು ಭಾಗಗಳನ್ನು ಮಾಡಿದ್ದಳು. ಎರಡು ವಿಧವಾಗಿ ಬರೆಯಲ್ಪಡುವ ಸ್ವರಚಿಹ್ನೆಗಳನ್ನು ಒಂದು ರೂಪಕ್ಕೆ ತರುವುದು ಮೊದಲ ಭಾಗ. ‘ರ‍್ಯಾಂಕ್’ ಎಂಬಂಥ ಮಾತುಗಳಲ್ಲಿ ರಕಾರವು ಅರ್ಕಾವತ್ತಾಗದಂತೆ ತಡೆಯುವುದಕ್ಕಾಗಿ ಕಣ್ಣಿಗೆ ಕಾಣದ ಒಂದು ಗುರುತನ್ನು ಸೇರಿಸುವುದುಂಟು. ಹುಡುಕುವಾಗ ಮಾತ್ರ ಅದನ್ನು ಗಣಿಸದೆ ಬಿಡುವುದು ಎರಡನೆಯ ಭಾಗ. ಪುಸ್ತಕಗಳ ಹೆಸರುಗಳನ್ನು ಕನ್ನಡದ ಅಕಾರಾದಿ ಕ್ರಮದಲ್ಲಿ ಜೋಡಿಸುವುದು ಮೂರನೆಯ ಭಾಗ. ಇದನ್ನು ‘ಕಾಲವು ಉಳಿದರೆ ಮಾತ್ರ’ ಎಂದು ಅವಳು ಸ್ಪಷ್ಟವಾಗಿ ಬರೆದಿದ್ದಳು. ಬೇರೆ ಭಾಷೆಗಳ ವಿಷಯವನ್ನು ಮುಟ್ಟುವುದಿಲ್ಲವೆಂದೂ ಬರೆದಿದ್ದಳು. ಹಿಂದಿನ ವರುಷ ನಾವು ಸೇರಿಸಿದ್ದ ‘ಸಕಲ ಭಾಷೆಗಳು’ ಹೀಗೆ ಹೊರಗೆ ಹೋದುವು.

ಮೂರನೆಯದಾಗಿ, ಹೇಗೆ ಮಾಡುವೆನೆಂಬುದು. ಮೂಲಬರಹದ ಯಾವ ಭಾಗವನ್ನು ತಿದ್ದಬೇಕು, ಆ ತಿದ್ದುಪಾಟಿನಿಂದ ಬೇರೆ ಯಾವುದು ಕೆಡಬಹುದು, ಕೆಡಲಿಲ್ಲವೆಂದು ಹೇಗೆ ಪರೀಕ್ಷಿಸುವುದು ಎಂಬುದನ್ನು ಇಲ್ಲಿ ಹೇಳತಕ್ಕದ್ದು. ಮೂಲಬರಹವನ್ನು ಓದದೆ ಈ ಭಾಗವನ್ನು ಬರೆಯಲಾಗದು. ಮಾರ್ಗದರ್ಶಕರು ಮೊದಲು ತಿರುವಿ ನೋಡುವುದೂ ಇದನ್ನೇ.

ನಾಲ್ಕನೆಯದಾಗಿ, ವಾರವಾರದ ಪಟ್ಟಿ. 175 ಗಂಟೆಗಳನ್ನು 12 ವಾರಗಳಿಗೆ ಹಂಚಿದರೆ ವಾರಕ್ಕೆ ಸುಮಾರು 15 ಗಂಟೆಗಳಾಗುವುವು. ಅವಳ ಪಟ್ಟಿಯು ಹೀಗಿತ್ತು: ಮೊದಲ ಎರಡು ವಾರಗಳಲ್ಲಿ ದೋಷವನ್ನು ತೋರಿಸುವ ಮಾತುಗಳನ್ನು ಕೂಡಿಸಿ ಪರೀಕ್ಷೆಗಳನ್ನು ಸಿದ್ಧಪಡಿಸುವುದು, ಮೂರರಿಂದ ಐದನೆಯ ವಾರದವರೆಗೆ ಮೊದಲ ಭಾಗ, ಆರನೆಯ ವಾರ ಮಾರ್ಗದರ್ಶಕರ ಸೂಚನೆಯಂತೆ ತಿದ್ದಿ ನಡುವಣ ಪರೀಕ್ಷೆಗೆ ಒಪ್ಪಿಸುವುದು, ಏಳರಿಂದ ಒಂಬತ್ತರವರೆಗೆ ಎರಡನೆಯ ಭಾಗ, ಹತ್ತು ಹನ್ನೊಂದರಲ್ಲಿ ಹಳೆಯ ಪಟ್ಟಿಗಳನ್ನು ಹೊಸ ರೂಪಕ್ಕೆ ತರುವ ಕ್ರಮವನ್ನೂ ಬಳಸುವವರಿಗೆ ಬೇಕಾದ ವಿವರಣೆಯನ್ನೂ ಬರೆಯುವುದು, ಹನ್ನೆರಡನೆಯ ವಾರ ಖಾಲಿ. ಖಾಲಿ ಏಕೆಂದು ನಾವು ಕೇಳಿದೆವು. ‘ಏನಾದರೂ ತಡವಾಗಿಯೇ ಆಗುತ್ತದೆ ಟೀಚರ್, ಜ್ವರವಾದರೂ ಬರುತ್ತದೆ’ ಎಂದಳು. ಪ್ರತಿಯೊಂದು ವಾರದ ಕೊನೆಗೂ ಕೈಯಲ್ಲಿ ತೋರಿಸತಕ್ಕ ವಸ್ತುವೊಂದು ಇರಬೇಕೆಂಬುದನ್ನು ಗಮನಿಸಿರಿ. ‘ಅಭ್ಯಾಸ ಮಾಡುವೆನು’, ‘ಪರಿಶೀಲಿಸುವೆನು’ ಎಂಬ ಮಾತುಗಳು ಪಟ್ಟಿಯಲ್ಲಿ ಹೆಚ್ಚಾದಷ್ಟೂ ಓದುವವರ ಸಂದೇಹವು ಹೆಚ್ಚುವುದು.

ಐದನೆಯದಾಗಿ, ತನ್ನ ವಿಷಯ. ಕಲಿತದ್ದು, ಮಾಡಿದ್ದು, ಈ ಸಂಸ್ಥೆಯಲ್ಲಿ ಈಗಾಗಲೇ ಮಾಡಿರುವ ಸಣ್ಣ ಕೆಲಸ, ಇವಿಷ್ಟೇ ಸಾಕು. ಇದರೊಡನೆ ಕಾಲೇಜಿನ ಪರೀಕ್ಷೆ ಯಾವಾಗ, ಊರಿಗೆ ಹೋಗುವುದು ಯಾವಾಗ, ಮನೆಯಲ್ಲಿ ಕಂಪ್ಯೂಟರು ಇದೆಯೇ ಎಂಬುದನ್ನು ಮುಚ್ಚಿಡದೆ ತಿಳಿಸಬೇಕು. ನಮ್ಮ ಹುಡುಗಿಯರು ಇಲ್ಲಿಯೇ ಹಿಂಜರಿಯುವರು; ಪರೀಕ್ಷೆಯ ಮಾತನ್ನೆತ್ತಿದರೆ ಆರಿಸಲಾರರೆಂದು ಹೆದರುವರು. ಮೊದಲೇ ತಿಳಿಸಿದ ಅಡ್ಡಿಯು ಪಟ್ಟಿಯೊಳಗೆ ಸೇರಿಹೋಗುವುದು; ಮುಚ್ಚಿಟ್ಟ ಅಡ್ಡಿಯು ಜೂನ್ ತಿಂಗಳಲ್ಲಿ ಸುಳ್ಳಾಗಿ ಹೊರಬೀಳುವುದು.

ಇವೆಲ್ಲಕ್ಕೂ ಮುಂಚೆ ಮಾಡಬೇಕಾದುದೊಂದುಂಟು. ಪ್ರಸ್ತಾವದ ಗಡುವಿಗೆ ಒಂದೆರಡು ತಿಂಗಳಿರುವಾಗಲೇ ಆ ಸಂಸ್ಥೆಯವರ ನಡುವೆ ಹೋಗಿ, ತಂತ್ರಾಂಶವನ್ನು ತನ್ನ ಯಂತ್ರದಲ್ಲಿ ನಡೆಸಿ ನೋಡಿ, ಅತಿ ಸಣ್ಣದಾದರೂ ಒಂದು ತಪ್ಪನ್ನು ತಿದ್ದಿ ಒಪ್ಪಿಸಬೇಕು. ವಿವರಣೆಯಲ್ಲಿನ ಕಾಗುಣಿತದ ತಪ್ಪಾದರೂ ಆಗಬಹುದು. ಇದರಿಂದ ಕೆಲಸವನ್ನು ಒಪ್ಪಿಸುವ ಕ್ರಮವು ತಿಳಿಯುವುದು. ಅವರ ಸ್ವಭಾವವು ನಮಗೂ ನಮ್ಮ ಸ್ವಭಾವವು ಅವರಿಗೂ ಪರಿಚಯವಾಗುವುದು. ಸಂದೇಹಗಳನ್ನು ಗುಂಪಿನ ಮುಂದೆಯೇ ಕೇಳಬೇಕು. ನಮ್ಮ ಹುಡುಗಿಯರು ಒಬ್ಬರಿಗೆ ಮಾತ್ರ ಗುಟ್ಟಾಗಿ, ‘ಪೂಜ್ಯರೇ, ತೊಂದರೆ ಕೊಡುತ್ತಿರುವುದಕ್ಕಾಗಿ ಕ್ಷಮೆಯಿರಲಿ’ ಎಂದು ಮೂರು ಸಾಲು ಪೀಠಿಕೆಯನ್ನು ಹಾಕಿ ಬರೆಯುತ್ತಾರೆ. ಪ್ರಶ್ನೆಯೇ ಕೊನೆಗೆ ಉಳಿಯುತ್ತದೆ. ‘ನಾನು ಹೀಗೆ ಮಾಡಿದೆ, ಹೀಗಾಗಬೇಕಾಗಿತ್ತು, ಹಾಗಾಗದೆ ಹೀಗಾಯಿತು’ ಎಂಬ ಮೂರು ವಾಕ್ಯಗಳಲ್ಲಿ ಬೇಕಾದಷ್ಟು ವಿನಯವಿದೆ. ಕೇಳಿದ ಪ್ರಶ್ನೆಯು ಎಲ್ಲರ ಕಣ್ಣಿಗೆ ಬಿದ್ದರೆ ಉತ್ತರವೂ ಎಲ್ಲರಿಗೆ ಉಪಯೋಗವಾಗುವುದು.

ಕರಡನ್ನು ಗಡುವಿಗೆ ಎರಡು ವಾರ ಮುಂಚೆಯೇ ಮಾರ್ಗದರ್ಶಕರಿಗೆ ತೋರಿಸಿ ಅವರ ಅಭಿಪ್ರಾಯವನ್ನು ಪಡೆಯಬೇಕು. ‘ಸಮ್ಮರ್ ಆಫ್ ಕೋಡ್’ನಲ್ಲಿ ಒಬ್ಬರು ಮೂರು ಪ್ರಸ್ತಾವಗಳವರೆಗೆ ಕಳುಹಲು ಅವಕಾಶವಿದ್ದರೂ, ಅರೆಬೆಂದ ಮೂರಕ್ಕಿಂತ ಚೆನ್ನಾಗಿ ಬೆಂದ ಒಂದೇ ಲೇಸು. ಈಚೆಗೆ ಕೃತಕ ಬುದ್ಧಿಯ ಯಂತ್ರಗಳಿಂದ ಪ್ರಸ್ತಾವವನ್ನು ಬರೆಯಿಸುವ ಚಾಳಿಯೂ ಹಬ್ಬಿದೆ. ಅಂಥ ಬರಹವು ನಯವಾಗಿರುವುದು, ದೊಡ್ಡದಾಗಿರುವುದು, ಯಾವ ತಂತ್ರಾಂಶಕ್ಕಾದರೂ ಸಲ್ಲುವಂತಿರುವುದು. ನಮ್ಮ ಕೆಂಪು ಶಾಯಿಯು ಆ ವರುಷ ಮಾಡಿದ ಕೆಲಸವನ್ನೇ ಈ ಯಂತ್ರವು ಕ್ಷಣಮಾತ್ರದಲ್ಲಿ ಮಾಡಿಕೊಡುವುದೆಂದು ನಮಗೆ ತೋರುತ್ತದೆ. ಕಾಗುಣಿತವನ್ನು ತಿದ್ದಿಸಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಯೋಚನೆಯು ಮಾತ್ರ ತನ್ನದೇ ಆಗಿರಬೇಕು. ಏಕೆಂದರೆ ಮೇ ತಿಂಗಳಲ್ಲಿ ಮಾರ್ಗದರ್ಶಕರ ಎದುರಿಗೆ ಕುಳಿತು ಉತ್ತರ ಹೇಳಬೇಕಾದವಳು ಅವಳೇ.

ಎರಡನೆಯ ವರುಷ ಅವಳು ಆರಿಸಲ್ಪಟ್ಟಳು. ಕೆಲಸದ ನಡುವೆ, ಹಳೆಯ ಪಟ್ಟಿಗಳನ್ನು ಹೊಸ ರೂಪಕ್ಕೆ ತರುವುದು ಎಣಿಸಿದುದಕ್ಕಿಂತ ಕಷ್ಟವಾಗಿ, ಖಾಲಿಯಿಟ್ಟಿದ್ದ ವಾರವೂ ಅದಕ್ಕೇ ಹೋಯಿತು. ಅಕಾರಾದಿ ಕ್ರಮದ ಭಾಗವನ್ನು ಅವಳು ಮುಟ್ಟಲಾಗಲಿಲ್ಲ. ‘ಕಾಲವು ಉಳಿದರೆ ಮಾತ್ರ’ ಎಂದು ಮೊದಲೇ ಬರೆದಿದ್ದುದರಿಂದ ಯಾರೂ ಅದನ್ನು ಕೊರತೆಯೆಂದು ಎಣಿಸಲಿಲ್ಲ. ಅವಳು ಕೊನೆಯ ಪರೀಕ್ಷೆಯಲ್ಲಿ ತೇರ್ಗಡೆಯಾದಳು. ಕಳೆದ ಬೇಸಗೆಯಲ್ಲಿ ಅವಳು ನಮ್ಮ ಶಾಲೆಯ ಗ್ರಂಥಭಂಡಾರಕ್ಕೆ ಬಂದು ಅದೇ ತಂತ್ರಾಂಶವನ್ನು ಹಾಕಿಕೊಟ್ಟಳು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳನ್ನು ಕರೆದು ‘ಕೊಡಗು’ ಎಂದು ಹುಡುಕಲು ಹೇಳಿದೆವು. ಕಪಾಟಿನಲ್ಲಿದ್ದ ನಾಲ್ಕು ಪುಸ್ತಕಗಳೂ ಸಿಕ್ಕಿದುವು.

ಸ್ಥಾನಗಳು ಕಡಮೆಯಾದುದರಿಂದ ಒಳ್ಳೆಯ ಪ್ರಸ್ತಾವಗಳೂ ತಿರಸ್ಕೃತವಾಗುವುದುಂಟು. ಅದಕ್ಕಾಗಿ ಯಾರೂ ಎದೆಗುಂದಬಾರದು. ತಿದ್ದಿ ಒಪ್ಪಿಸಿದ ಸಣ್ಣ ಕೆಲಸವು ಆ ತಂತ್ರಾಂಶದಲ್ಲಿ ಉಳಿಯುವುದು; ಬರೆದ ಯೋಜನೆಯು ಮರುವರುಷಕ್ಕೆ ಒದಗುವುದು. ಈಗ ಹತ್ತನೆಯ ತರಗತಿಯಲ್ಲಿರುವವರಿಗೆ 18 ವರುಷ ತುಂಬಲು ಇನ್ನೂ ಕಾಲವಿದೆ. ಅಲ್ಲಿಯವರೆಗೆ ಅವರು ಒಂದು ಅಭ್ಯಾಸವನ್ನು ಮಾಡಿಕೊಳ್ಳಲಿ: ಕಣ್ಣಿಗೆ ಬಿದ್ದ ಕೊರತೆಯೊಂದನ್ನು, ಅದನ್ನು ನೋಡದವರಿಗೂ ತಿಳಿಯುವಂತೆ, ಐದು ವಾಕ್ಯಗಳಲ್ಲಿ ಬರೆದಿಡಲಿ. ಅಂಥ ಬರಹವನ್ನು ತಂದವರಿಗೆ ನಮ್ಮ ಕೊಠಡಿಯ ಬಾಗಿಲು ತೆರೆದಿರುವುದು. ವ್ಯಾಕರಣವನ್ನು ತಿದ್ದಿಕೊಡುವೆವು, ಉಳಿದುದನ್ನು ಮುಟ್ಟೆವು.